ಎರಡನೆಯ ಕೂಗು ನನ್ನದು

ಆ ಹರಾಜಿನಲ್ಲಿ ಎರಡನೆಯವರು ಯಾರೂ ಇರಲಿಲ್ಲ. ಭವ್ಯ ಅವರ ಎದುರು ಕೊನೆಯವರೆಗೂ ಪಟ್ಟು ಬಿಡದೆ ಬೆಲೆ ಏರಿಸುತ್ತ ಹೋದ ‘ಮಲ್ಲೇಶ್ವರಂ ಮನೆಮಗಳು’ — ಅದು ನಾನು, ಇಂಚರಾ. ಗೆದ್ದ ಮೇಲೆ ಅವರು ‘ನನ್ನಿಂದ ಆಗುವುದಿಲ್ಲ’ ಎಂದು ಹಿಂದೆ ಸರಿದಾಗ, ಸಿಂಗಪುರದ ನಮ್ಮ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಕೊಟ್ಟ ಮಾತಿನ ಬೆಲೆಯ ಬಗ್ಗೆ ಅವರಿಗೆ ಉದ್ದದ ಪಾಠ ಹೇಳಿ ನಿಮ್ಮೆಲ್ಲರಿಂದ ಚಪ್ಪಾಳೆ ಗಿಟ್ಟಿಸಿದವಳೂ ನಾನೇ.

ಇಷ್ಟನ್ನು ಮೊದಲೇ ಹೇಳಿ ಮುಗಿಸಿದ್ದೇಕೆಂದರೆ, ನನ್ನನ್ನು ನಾನು ಬಲ್ಲೆ. ಹಿನ್ನೆಲೆ, ಸಂದರ್ಭ, ಅನಿವಾರ್ಯತೆ ಎಂದು ಶುರುಮಾಡಿದರೆ ತಪ್ಪೊಪ್ಪಿಗೆ ಯಾವಾಗಲೋ ವಾದವಾಗಿಬಿಡುತ್ತದೆ, ಅದೂ ಗೆಲ್ಲುವಂಥ ವಾದ. ಶಾಲೆಯಲ್ಲಿ ನಾಲ್ಕು ವರ್ಷ, ಯೂನಿವರ್ಸಿಟಿಯಲ್ಲಿ ಮೂರು ವರ್ಷ ನಾನು ಡಿಬೇಟ್ ತಂಡದಲ್ಲಿದ್ದೆ. ಯಾವ ಪಕ್ಷ ಕೊಟ್ಟರೂ ಹದಿನೈದು ನಿಮಿಷದಲ್ಲಿ ಅದನ್ನು ನನ್ನದು ಮಾಡಿಕೊಂಡು ಎದ್ದು ನಿಲ್ಲುವುದನ್ನು ಕಲಿತೆ. ಈ ಬರಹವನ್ನೂ ಮೂರು ಸಲ ಬರೆದು ಹರಿದೆ. ಮೂರರಲ್ಲೂ ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನಾನು ಅಷ್ಟೇನೂ ಕೆಟ್ಟವಳಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಈ ಸಲ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಎಲ್ಲಾದರೂ ಜಾಣತನ ಕಂಡರೆ ಅದನ್ನು ನಂಬಬೇಡಿ.

ಮೂರು ವರ್ಷದ ಹಿಂದೆ, ದಸರೆಗೆ ಒಂದೂವರೆ ತಿಂಗಳಿರುವಾಗ, ಮಕ್ಕಳ ಕನ್ನಡ ಕ್ಲಾಸಿಗೆ ಪುಸ್ತಕ ತರಿಸಬೇಕೆಂದು ಸಂಘದ ಕಮಿಟಿ ಸೇರಿತ್ತು. ಮನೆಮನೆಯಲ್ಲಿ ಬಳಸದೆ ಬಿದ್ದಿರುವ ಒಳ್ಳೆಯ ಸಾಮಾನು ಸಂಗ್ರಹಿಸಿ ಮಾರೋಣ ಎಂದು ತೀರ್ಮಾನವಾಯಿತು. ಹೇಗೆ ಮಾರುವುದು ಎಂಬಲ್ಲಿ ನನಗೂ ಅಧ್ಯಕ್ಷರಾದ ಶ್ರೀಧರ್ ಅಂಕಲ್‌ಗೂ ಜಗಳ. ಅವರು ಪ್ರತಿ ವಸ್ತುವಿಗೂ ಒಂದು ರೇಟು ಚೀಟಿ ಅಂಟಿಸೋಣ ಅಂದರು. ನಾನು ಆನ್‌ಲೈನ್ ಹರಾಜು ಮಾಡೋಣ ಅಂದೆ.

“ನೋಡಮ್ಮಾ ಲಾಯರ್,” ಅಂದರು ಅಂಕಲ್. ನಾನು ಲಾಯರ್ ಅಲ್ಲ, ಆಗ ಪಾಯಾ ಲೆಬಾರಿನ ಒಂದು ಆಫೀಸಿನಲ್ಲಿ ಇಂಟರ್ನ್. ಬಾಯಿ ಜೋರೆಂದು ಅವರಿಟ್ಟ ಹೆಸರು ಅದು. “ನಮ್ಮೋರು ಹರಾಜಿಗೆ ಆಗಿಬರಲ್ಲ. ಒಬ್ರು ಬಿಡ್ ಮಾಡಿದ್ರೆ ಇನ್ನೊಬ್ರು ‘ಪಾಪ, ಅವರಿಗೆ ಬೇಕೇನೋ, ಹೋಗ್ಲಿ ಬಿಡು’ ಅಂತ ಸುಮ್ನಾಗ್ತಾರೆ. ಐವತ್ತು ಡಾಲರ್‌ಗೆ ಇಟ್ಟಿದ್ದು ಐವತ್ತಕ್ಕೇ ಹೋಗುತ್ತೆ.”

“ಅಂಕಲ್, ಅದು ಮುಖ ಕಾಣೋದ್ರಿಂದ. ಹೆಸರೇ ಕಾಣದ ಹಾಗೆ ಮಾಡಿದ್ರೆ? ದಾಕ್ಷಿಣ್ಯ ಅನ್ನೋದು ಮುಖಕ್ಕೆ ಮಾತ್ರ ಅಂಕಲ್, ಪರದೆ ಹಾಕಿದ್ರೆ ಎಲ್ಲಾ ಮನುಷ್ಯರೂ ಒಂದೇ.”

“ನಿಮ್ಮ ಡಿಬೇಟ್‌ನಲ್ಲಿ ಮನುಷ್ಯರು ಹಾಗಿರ್ತಾರೆ.”

ಎಲ್ಲರೂ ನಕ್ಕರು. ಆ ನಗು ನನಗೆ ನಾಟಿತು. ಇನ್ನೂ ಅರ್ಧ ಗಂಟೆ ವಾದಿಸಿ ಕಮಿಟಿಯನ್ನು ಒಪ್ಪಿಸಿದೆ. ನಿಯಮಗಳನ್ನೂ ನಾನೇ ಬರೆದೆ. ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಕೂಗಬಹುದು. ಯಾರ ಇಮೇಲ್ ಯಾವುದೆಂದು ನನಗೊಬ್ಬಳಿಗೇ ಕಾಣುತ್ತದೆ. ಮೂರನೇ ನಿಯಮ — ಗೆದ್ದವರು ಹಿಂದೆ ಸರಿದರೆ ವಸ್ತು ಎರಡನೆಯ ಕೂಗಿನವರಿಗೆ ಹೋಗುತ್ತದೆ. ಎಷ್ಟು ನ್ಯಾಯವಾದ ನಿಯಮ ಎಂದು ನನಗೇ ಹೆಮ್ಮೆಯಾಗಿತ್ತು.

ಬಂದ ಸಾಮಾನಿನಲ್ಲಿ ಒಂದು ಜೊತೆ ಪಟ್ಟದ ಗೊಂಬೆಯಿತ್ತು. ಸಿಡ್ನಿಗೆ ಶಿಫ್ಟ್ ಆಗುತ್ತಿದ್ದ ಉಷಾ ಆಂಟಿ ಕೊಟ್ಟದ್ದು. ಅವರ ಬಳಿ ಅತ್ತೆಯದೊಂದು, ತವರಿನದೊಂದು, ಹೀಗೆ ಎರಡು ಜೊತೆ ಇದ್ದವು. ‘ಒಂದನ್ನ ಯಾರಾದ್ರೂ ಕೂರಿಸೋರ ಮನೆಗೆ ಸೇರಿಸಮ್ಮ’ ಎಂದು ಹಳೆಯ ಮೈಸೂರು ಸಿಲ್ಕಿನ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟಿದ್ದರು. ನಮ್ಮ ಮನೆಯಲ್ಲೂ ಇದೆ ಅಂಥ ಜೋಡಿ. ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟದ್ದು. ರಾಜ ರಾಣಿ, ಕರಿಮರ, ಎದೆಯ ಮಟ್ಟದಲ್ಲಿ ಬಣ್ಣ ಹೋಗಿದೆ. ಪ್ರತಿ ವರ್ಷ ಅಮ್ಮ ಅವಕ್ಕೆ ಸೀರೆ ಪಂಚೆ ಉಡಿಸುವಾಗ ನಾನು ಪಕ್ಕದಲ್ಲಿ ನಿಂತು, ಮರದ ಎರಡು ತುಂಡಿಗೆ ಡ್ರೆಸ್ ಮಾಡೋಕೆ ಒಂದು ಗಂಟೆ ಬೇಕಾ ಅಂತ ಕೇಳಿಕೊಂಡೇ ಬೆಳೆದವಳು. ತಾಯಿ ಮಗಳಿಗೆ ಕೊಡುತ್ತಾಳೆ ಎಂಬುದು ಗೊತ್ತಿತ್ತು. ಕೊಡದೆ ಹೋದರೆ ಅದರ ಅರ್ಥವೇನು ಎಂದು — ಅದನ್ನು ಯೋಚಿಸಿರಲಿಲ್ಲ.

ಹರಾಜು ಒಂದು ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ. ನಾಲ್ಕು ಗಂಟೆಯ ಹೊತ್ತಿಗೆ ಅಂಕಲ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸೈಕಲ್ಲಿಗೆ ಒಂದು ಕೂಗು. ಇಡ್ಲಿ ಸ್ಟ್ಯಾಂಡಿಗೆ ಒಂದು ಕೂಗು. ವೀಣೆಗೆ ಒಂದು. ಹೆಸರು ಕಾಣದಿದ್ದರೂ ಯಾರೂ ಯಾರ ಮೇಲೂ ಏರಲಿಲ್ಲ. ಕಾಣದ ಮುಖಕ್ಕೂ ದಾಕ್ಷಿಣ್ಯ ತೋರಿಸುವ ಜನ ನಾವು, ಏನು ಹೇಳಲಿ! ಅಷ್ಟರಲ್ಲಿ ಅಂಕಲ್ ಮೆಸೇಜು: “ಏನಮ್ಮಾ ಲಾಯರ್, ಪರದೆ ಹಾಕಿದ್ಮೇಲೂ ಮರ್ಯಾದಸ್ಥರಾಗೇ ಉಳಿದ್ರಲ್ಲ ನಮ್ಮೋರು?”

ತಮಾಷೆ ಮಾಡಿದ್ದರು, ಅಷ್ಟೇ. ಆದರೆ ನನಗೆ ಸೋಲನ್ನು ತಮಾಷೆಯಾಗಿ ತೆಗೆದುಕೊಳ್ಳುವ ಅಭ್ಯಾಸವಿರಲಿಲ್ಲ. ಪಟ್ಟದ ಗೊಂಬೆಗೆ ಒಬ್ಬರೇ ಒಬ್ಬರು ಕೂಗಿದ್ದರು, ಐವತ್ತು ಡಾಲರಿಗೆ. ‘ಭವ್ಯ’ ಎಂದು ತಮ್ಮ ಹೆಸರನ್ನೇ ಹಾಕಿಕೊಂಡಿದ್ದರು. ಹೆಸರು ಮುಚ್ಚಿಕೊಳ್ಳಲು ಅವಕಾಶವಿದ್ದರೂ ಮುಚ್ಚಿಕೊಳ್ಳದ ಕೆಲವರಲ್ಲಿ ಅವರೊಬ್ಬರು. ವುಡ್‌ಲ್ಯಾಂಡ್ಸ್‌ನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದ, ಊರಿನಿಂದ ಹೊಸದಾಗಿ ಬಂದ ದಂಪತಿ, ಗಂಡನಿಗೆ ಇಲ್ಲಿ ಮೊದಲ ವರ್ಷದ ಕೆಲಸ, ಎಂಬಷ್ಟು ನನಗೆ ಗೊತ್ತಿತ್ತು. ಗಣೇಶನ ಹಬ್ಬದಲ್ಲಿ ಒಮ್ಮೆ ನೋಡಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಆದರೂ ನನ್ನನ್ನು ‘ನೀವು’ ಎಂದಿದ್ದರು.

ಇನ್ನೊಂದು ಇಮೇಲ್ ತೆರೆಯಲು ನನಗೆ ಮೂರು ನಿಮಿಷ ಬೇಕಾಯಿತು.

ಮೊದಲು ಎಪ್ಪತ್ತೈದು. ಅವರು ನೂರು. ಒಂದೆರಡು ಕೂಗಾದರೆ ಸಾಕು, ‘ನೋಡಿ ಅಂಕಲ್’ ಎನ್ನಬಹುದು ಎಂದುಕೊಂಡಿದ್ದೆ. ಆದರೆ ಅವರು ಬಿಡಲಿಲ್ಲ. ನಾನು ಏರಿಸಿದಷ್ಟೂ ಸ್ವಲ್ಪ ತಡೆದು ಮತ್ತೆ ಬರುತ್ತಿದ್ದರು. ಆ ತಡೆಯುವ ಹೊತ್ತು ಉದ್ದವಾಗುತ್ತ ಹೋಯಿತು — ಎರಡು ನಿಮಿಷ, ನಾಲ್ಕು ನಿಮಿಷ. ಆ ನಿಮಿಷಗಳಲ್ಲಿ ಅತ್ತ ಏನು ನಡೆಯುತ್ತಿರಬಹುದು ಎಂದು ಈಗ ಊಹಿಸುತ್ತೇನೆ. ಆಗ ಊಹಿಸಲಿಲ್ಲ. ಆಗ ನನ್ನ ಮೈಯಲ್ಲಿ ಫೈನಲ್ ಸುತ್ತಿನ ಬಿಸಿಯಿತ್ತು. ಇವರಿಗೆ ಯಾಕಿಷ್ಟು ಹಟ ಎಂದು ನಗು ಕೂಡ ಬಂತು. ಐದಕ್ಕೆ ಎರಡು ನಿಮಿಷವಿರುವಾಗ ಅವರನ್ನು ಮೇಲೆ ಬಿಟ್ಟು ನಾನು ನಿಲ್ಲಿಸಿದೆ. ಆರುನೂರ ಇಪ್ಪತ್ತು ಡಾಲರ್. ಗುಂಪಿನಲ್ಲಿ ಫಲಿತಾಂಶ ಹಾಕಿದೆ. ಅಂಕಲ್, “ಸೋತೆ ಕಣಮ್ಮಾ” ಎಂದು ಬರೆದರು. ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಮಾರನೆಯ ಬೆಳಿಗ್ಗೆ ಕ್ಲೆಮೆಂಟಿಯ ನಮ್ಮ ಮನೆಯಿಂದ ಆಫೀಸಿಗೆ ಹೋಗುವಾಗ ಎಮ್‌ಆರ್‌ಟಿ ರೈಲಿನಲ್ಲಿ ಅವರ ವಾಯ್ಸ್ ಮೆಸೇಜು ಬಂತು. ನಾನು ಯಾರ ಮಾತನ್ನೂ ಒಂದೂವರೆ ಪಟ್ಟು ವೇಗದಲ್ಲೇ ಕೇಳುವುದು. ಅವರದನ್ನೂ ಹಾಗೇ ಕೇಳಿದೆ. ಆಮೇಲೆ ಈ ಮೂರು ವರ್ಷದಲ್ಲಿ ಅದನ್ನು ನಿಧಾನಕ್ಕೆ ಎಷ್ಟು ಸಲ ಕೇಳಿದ್ದೇನೋ, ಬಾಯಿಪಾಠವಾಗಿದೆ.

“ಇಂಚರಾ ಅವ್ರೇ, ಬೇಜಾರ್ ಮಾಡ್ಕೋಬೇಡಿ. ಗೊಂಬೆ ನಂಗೆ ತಗೊಳೋಕಾಗ್ತಿಲ್ಲ. ನಿನ್ನೆ ಸಂಜೆ ನಮ್ಮಮ್ಮ ಫೋನ್ ಮಾಡಿದ್ರು. ಅದೂ… ನಮ್ಮದು ಬೇರೆ ಜಾತಿ ಮದುವೆ, ಅಮ್ಮ ಮೂರು ವರ್ಷದಿಂದ ಮಾತಾಡ್ಸಿರಲಿಲ್ಲ. ಮದುವೆಗೂ ಬಂದಿಲ್ಲ. ಅದಕ್ಕೇ ಪಟ್ಟದ ಗೊಂಬೆ ನಾನೇ ತಗೊಂಬಿಡೋಣ ಅಂತ ಹುಚ್ಚಿ ಥರ ಬಿಡ್ ಮಾಡಿದೆ. ಈಗ ಅವರೇ ‘ದಸರೆಗೆ ಬಾ, ಅಜ್ಜಿ ಜೋಡಿ ನಿಂಗೇ ಕೊಡ್ತೀನಿ’ ಅಂದಿದಾರೆ. ಟಿಕೆಟ್‌ಗೂ ಗೊಂಬೆಗೂ ಎರಡಕ್ಕೂ ಆಗಲ್ಲ ನಮ್ಗೆ. ರೂಲ್ಸ್‌ನಲ್ಲಿ ಇದೆಯಲ್ಲ, ಎರಡನೆಯವ್ರಿಗೆ ಕೊಟ್ಬಿಡಿ. ಪಾಪ, ಅವ್ರೂ ಕೊನೇವರೆಗೂ ಬಿಡ್ ಮಾಡಿದ್ರು. ಅವ್ರ ಕೈಯಿಂದ ಕಿತ್ಕೊಂಡ ಹಾಗೆ ಅನ್ಸಿ ರಾತ್ರಿಯೆಲ್ಲಾ ನಿದ್ದೆ ಬಂದಿಲ್ಲ. ಮತ್ತೆ… ಅಮ್ಮನ ವಿಷಯ ಯಾರಿಗೂ ಹೇಳ್ಬೇಡಿ ಪ್ಲೀಸ್. ಇಲ್ಲಿ ಯಾರಿಗೂ ಗೊತ್ತಿಲ್ಲ.”

ಆ ವೇಗದಲ್ಲೂ ಎಲ್ಲ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಜೊತೆಗೆ ಗುಂಪಿನಲ್ಲೂ ಅವರು ಎರಡು ಸಾಲು ಹಾಕಿದ್ದರು: ಕಾರಣಾಂತರದಿಂದ ಗೊಂಬೆ ತೆಗೆದುಕೊಳ್ಳಲಾಗುತ್ತಿಲ್ಲ, ಕ್ಷಮಿಸಿ, ದಯವಿಟ್ಟು ಎರಡನೆಯವರಿಗೆ ಕೊಡಿ. ಅಂಕಲ್ ತಕ್ಷಣ ಉತ್ತರಿಸಿದ್ದರು: “ಪರವಾಗಿಲ್ಲಮ್ಮ, ಇಂಥದ್ದೆಲ್ಲ ಆಗುತ್ತೆ. ಇಂಚರಾ, ಸೆಕೆಂಡ್ ಯಾರು? ಅವರಿಗೆ ಫೋನ್ ಮಾಡ್ಬಿಡು.”

ಅಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಒಳ್ಳೆಯವರಾಗಿಯೇ ಇದ್ದರು. ಕೇಳಿದವರು ಮರ್ಯಾದೆಯಿಂದ ಕೇಳಿದ್ದರು, ಒಪ್ಪುವವರು ಒಪ್ಪಿಯಾಗಿತ್ತು. ನಿಯಮವೂ ಅದನ್ನೇ ಹೇಳುತ್ತಿತ್ತು. ಅಡ್ಡ ಬಂದದ್ದು ಒಂದೇ — ಎರಡನೆಯವರು ಇರಲಿಲ್ಲ. ಅಂಕಲ್‌ಗೆ ನಾನು ಯಾರ ನಂಬರ್ ಕೊಡಲಿ?

ನಿಂತೇ ಇದ್ದೆ ರೈಲಿನಲ್ಲಿ, ಕಂಬ ಹಿಡಿದುಕೊಂಡು. ಇಳಿಯುವ ಸ್ಟೇಷನ್ ದಾಟಿ ಹೋದದ್ದೂ ಗೊತ್ತಾಗಲಿಲ್ಲ. ‘ಎರಡನೆಯವರೂ ಬೇಡ ಅಂದರು’ ಎಂದು ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಅದೂ ಸುಳ್ಳೇ, ಆದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಗೊಂಬೆ ಮಾರದೆ ಉಳಿಯುತ್ತಿತ್ತು, ಅಷ್ಟೇ. ಅಷ್ಟೇ — ಆದರೆ ಹಾಗಾದರೆ ಹರಾಜು ಸೋತಂತೆ. ಆರುನೂರ ಇಪ್ಪತ್ತು ಬಂತೆಂದು ಮೆರೆದವಳು, ಆ ದುಡ್ಡೇ ಬರಲಿಲ್ಲ ಎಂದು ಅಂಕಲ್ ಎದುರು ಹೇಳಬೇಕು. ಅದು ನನ್ನಿಂದ ಆಗಲಿಲ್ಲ. ಕಾರಣ ಇಷ್ಟು ಚಿಕ್ಕದು. ಇನ್ನೂ ದೊಡ್ಡದೇನಾದರೂ ಇದ್ದಿದ್ದರೆ ಎಂದು ಹುಡುಕಿದ್ದೇನೆ, ಇಲ್ಲ.

ಪಾಯಾ ಲೆಬಾರಿಗೆ ವಾಪಸು ಬಂದು, ಆಫೀಸಿನ ಕೆಳಗಿನ ಬೆಂಚಿನ ಮೇಲೆ ಕೂತು ಬರೆದೆ. ಡಿಬೇಟಿನಲ್ಲಿ ಒಂದು ಪಾಠವಿದೆ, ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ನೋಡಿ ಕಲಿಯುವುದು: ಎದುರಾಳಿ ತನ್ನ ಅತಿ ಬಲವಾದ ಮಾತನ್ನು ಆಡಲಾರ ಎಂದು ಗೊತ್ತಾದರೆ, ಆ ಮಾತನ್ನೇ ಆಡೆಂದು ಎಲ್ಲರ ಮುಂದೆ ಸವಾಲು ಹಾಕು. ಭವ್ಯ ಅವರು ಅಮ್ಮನ ವಿಷಯವನ್ನು ಗುಂಪಿನಲ್ಲಿ ಹೇಳಲಾರರು. ಅದು ನನಗೆ ಗೊತ್ತಿತ್ತು. ಅವರೇ ಹೇಳಿದ್ದರು.

ಆ ಮೆಸೇಜು ಗುಂಪಿನಲ್ಲಿ ಈಗಲೂ ಇದೆ. ಹುಡುಕಿದರೆ ಸಿಗುತ್ತದೆ. “ಭವ್ಯ ಅವರೇ, ನೀವು ಯಾವ ಸರಿಯಾದ ಕಾರಣವನ್ನೂ ಕೊಟ್ಟಿಲ್ಲ” ಎಂದು ಶುರುವಾಗುತ್ತದೆ. ಆಮೇಲೆ ಮೂರು ಅಂಶ. ಒಂದು, ಎರಡನೆಯವರು ಆಗಲೇ ಬೇರೆ ಕಡೆ ಗೊಂಬೆ ಕೊಂಡಾಗಿದೆ, ನಿಮ್ಮ ಹಟದಿಂದ ಅವರಿಗೂ ತಪ್ಪಿತು, ಈಗ ನಮಗೂ ತಪ್ಪುತ್ತಿದೆ. ಎರಡು, ಕೂಗು ಎಂದರೆ ಮಾತು, ಹಿಂತೆಗೆಯುವುದಾದರೆ ಕೂಗುವುದೇಕೆ. ಮೂರು, ಈ ದುಡ್ಡು ಮಕ್ಕಳ ಪುಸ್ತಕದ್ದು, ದೊಡ್ಡವರೇ ಮಾತಿಗೆ ತಪ್ಪಿದರೆ ಆ ಮಕ್ಕಳಿಗೆ ನಾವು ಯಾವ ಭಾಷೆ ಕಲಿಸಿ ಏನು ಪ್ರಯೋಜನ. ಕೊನೆಯ ಸಾಲು ಬರೆದಾಗ ನನಗೇ ರೋಮಾಂಚನವಾಯಿತು. ಸುಳ್ಳೆಂದು ಗೊತ್ತಿದ್ದೂ ರೋಮಾಂಚನ! ಚೆನ್ನಾಗಿ ಕೂತ ವಾಕ್ಯಕ್ಕೆ ನಿಜ ಸುಳ್ಳು ಎರಡೂ ಒಂದೇ.

ಮುಂದಿನದು ನಿಮಗೆ ನೆನಪಿರಬಹುದು. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು. “ವೆಲ್ ಸೆಡ್ ಇಂಚರಾ, ನಮ್ಮ ಮಕ್ಕಳೂ ಹೀಗೆ ಕನ್ನಡ ಬರೀಬೇಕು” ಎಂದರು ಒಬ್ಬರು. “ಬಿಡ್ ಮಾಡೋಕ್ ಮುಂಚೆ ಪರ್ಸ್ ಬಿಚ್ಚಿ ನೋಡ್ಕೋಬೇಕಿತ್ತು” ಎಂದು ಇನ್ನೊಬ್ಬರು, ನಗುವಿನ ಗುರುತಿನ ಜೊತೆಗೆ. ಶ್ರೀಧರ್ ಅಂಕಲ್ ಮಾತ್ರ ಏನೂ ಬರೆಯಲಿಲ್ಲ. ಪರದೆಯ ಮೇಲೆ ‘ಭವ್ಯ ಟೈಪಿಂಗ್’ ಎಂದು ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ನಾನು ಆಫೀಸಿಗೂ ಹೋಗದೆ ಅದನ್ನೇ ನೋಡುತ್ತ ಕೂತಿದ್ದೆ. ಈಗ ಹೇಳಿಬಿಡುತ್ತಾರೇನೋ. ಹೇಳಿದರೆ ನಾನು ಮುಗಿದೆ. ಹೇಳಲಾರರು. ಹೇಳಿದರೆ?

“ಸರಿ. ತಗೋತೀನಿ.”

ಅಷ್ಟೇ ಬಂತು.

ಸಂಜೆ ಮನೆಯಲ್ಲಿ ಅಮ್ಮ ಕೇಳಿದಳು, “ಅಷ್ಟು ಖಾರವಾಗಿ ಬರೀಬೇಕಿತ್ತೇನೇ? ಪಾಪ, ಹೊಸಬಳು.”

“ನೀನು ಯಾವ ಸೈಡಮ್ಮ?”

“ಗೊಂಬೆ ವಿಷಯಕ್ಕೆ ಯಾವ ಸೈಡೇ ಇರುತ್ತೆ?” ಎಂದು ಅವಳು ಸಾರಿಗೆ ಒಗ್ಗರಣೆ ಹಾಕಲು ಹೋದಳು. ನಾನು ಆ ಪ್ರಶ್ನೆಗೂ ಏನೋ ಉತ್ತರ ಹೊಂದಿಸಿದೆ. ನನಗೆ ಉತ್ತರ ಹೊಂದಿಸುವುದು ಕಷ್ಟವೇ ಅಲ್ಲ.

ಶನಿವಾರ ಬೆಳಿಗ್ಗೆ ಭವ್ಯ ಅವರು ಕ್ಲೆಮೆಂಟಿಗೆ ಬಂದರು. ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ, ಕಲ್ಲಿನ ಮೇಜಿನ ಬಳಿ ಕಾಯುತ್ತಿದ್ದರು. ದುಡ್ಡನ್ನು ಹಿಂದಿನ ದಿನವೇ ಸಂಘದ ಖಾತೆಗೆ ಹಾಕಿದ್ದರು. ನಾನು ಗೊಂಬೆಗಳನ್ನಿಟ್ಟು ಟೇಪು ಹಚ್ಚಿದ ಡಬ್ಬಿ ಕೊಟ್ಟೆ. ಅವರು ತೆರೆದು ನೋಡಲಿಲ್ಲ. ಬೈಯುತ್ತಾರೆ ಎಂದುಕೊಂಡು ನಾಲ್ಕು ಉತ್ತರ ಸಿದ್ಧ ಮಾಡಿಕೊಂಡು ಇಳಿದಿದ್ದೆ. ಅವರು ಕೇಳಿದ್ದು ಬೇರೆ.

“ಆ ಇನ್ನೊಬ್ರು ನಿಜವಾಗ್ಲೂ ಬೇರೆ ತಗೊಂಡ್ರಾ? ಒಂದ್ಸಲ ಮಾತಾಡ್ಲಾ ನಾನು? ಅಷ್ಟು ಹೊತ್ತು ಬಿಡ್ ಮಾಡಿದ್ರು ಅಂದ್ರೆ ಅವರಿಗೂ ನನ್ನ ಥರಾನೇ ಏನೋ ಇರುತ್ತೆ. ನಂಬರ್ ಕೊಡಿ, ಕಡಿಮೆಗೇ ಕೊಟ್ಬಿಡ್ತೀನಿ.”

“ಅವ್ರು ಹೆಸರು ಹೇಳ್ಬೇಡಿ ಅಂದಿದಾರೆ,” ಅಂದೆ.

“ಹೌದಾ.” ತಲೆಯಾಡಿಸಿದರು. “ನಾನೂ ಹಾಕ್ಬಾರದಿತ್ತು ಅನ್ಸುತ್ತೆ ಹೆಸರು.”

ಡಬ್ಬಿಯನ್ನು ಎದೆಗವುಚಿಕೊಂಡು ಸ್ಟೇಷನ್ನಿನ ಕಡೆ ಹೋದರು. ಕೂಗಿ ಕರೆಯಬಹುದಿತ್ತು. ಲಿಫ್ಟಿನ ಗುಂಡಿ ಒತ್ತಿದೆ.

ಆ ದಸರೆಗೆ ಅವರು ಊರಿಗೆ ಹೋಗಲಿಲ್ಲ. ಗುಂಪಿನ ಯಾರದೋ ಫೋಟೋದಲ್ಲಿ, ವುಡ್‌ಲ್ಯಾಂಡ್ಸ್‌ನ ಅಂಗಡಿಯ ಮುಂದೆ ಚೀಲ ಹಿಡಿದು ನಿಂತದ್ದು ಕಂಡಿತು. ನಮ್ಮ ಮನೆಯ ಗೊಂಬೆ ನೋಡಲು ಎಲ್ಲರೂ ಬಂದರು, ಅಮ್ಮ ಕರೆದಿದ್ದರೂ ಅವರು ಬರಲಿಲ್ಲ. ಕೋಸಂಬರಿ ತಿನ್ನುತ್ತಾ ಒಬ್ಬ ಆಂಟಿ ಕೇಳಿದರು, “ಎಲ್ಲಿ, ಬಿಡ್ ಭವ್ಯ ಬರ್ಲಿಲ್ವಾ? ನಿಮ್ಮ ಗೊಂಬೆಗೂ ಬಿಡ್ ಮಾಡಿಬಿಡ್ತಿದ್ಲು!” ಅಲ್ಲಿದ್ದ ಎಲ್ಲರೂ ನಕ್ಕರು. ಆ ಹೆಸರು ಅಂದಿನಿಂದ ಅಂಟಿಕೊಂಡಿತು. ನಾನೂ ನಕ್ಕೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಯಾರಿಗೂ ನೆನಪಿರುತ್ತಿರಲಿಲ್ಲ. ನನಗಿದೆ.

ಆಮೇಲೆ ಅವರು ಗುಂಪು ಬಿಟ್ಟರು. ಯುಗಾದಿಗೆ, ರಾಜ್ಯೋತ್ಸವಕ್ಕೆ, ಯಾವುದಕ್ಕೂ ಬರಲಿಲ್ಲ. ಒಂದು ಅಪರಿಚಿತ ಊರಿನಲ್ಲಿ ತನ್ನ ಭಾಷೆಯ ಮೂವತ್ತು ನಲವತ್ತು ಮನೆ ಸಿಕ್ಕಿತು ಎಂದು ಬಂದವರನ್ನು ನಾನು ಮೂರು ಅಂಶಗಳಲ್ಲಿ ಹೊರಗೆ ಹಾಕಿದೆ. ನೀವು ಹಾಕಿದ್ದಲ್ಲ. ನಿಮಗೆ ಗೊತ್ತಿದ್ದದ್ದು ನಾನು ಹೇಳಿದ್ದಷ್ಟೇ.

ಮೂರು ವರ್ಷ ನಾನು ಸುಖವಾಗಿಯೇ ಇದ್ದೆ ಎಂದರೆ ಸುಳ್ಳು. ಸಂಕಟಪಟ್ಟೆ ಎಂದರೂ ಸುಳ್ಳು. ಮರೆತಿರುತ್ತಿದ್ದೆ, ಮತ್ತೆ ಆಫೀಸಿನಲ್ಲಿ ಯಾರನ್ನಾದರೂ ಮೀಟಿಂಗಿನಲ್ಲಿ ಬಾಯಿ ಮುಚ್ಚಿಸಿದ ಕೂಡಲೇ — ಅದು ನನ್ನ ಕೆಲಸದ ಭಾಗವೇ ಆಗಿದೆ — ‘ಟೈಪಿಂಗ್’ ಎಂದು ಬಂದು ನಿಲ್ಲುತ್ತಿದ್ದ ಆ ಗುರುತು ಕಣ್ಣ ಮುಂದೆ ಬರುತ್ತಿತ್ತು. ಆ ವಾಯ್ಸ್ ಮೆಸೇಜನ್ನು ಅಳಿಸಲೆಂದು ತೆರೆಯುವುದು, ಕೇಳುವುದು, ಅಳಿಸದೆ ಮುಚ್ಚುವುದು. ಅವರು ಹೇಳದೆ ಉಳಿಸಿಕೊಂಡ ಮಾನಕ್ಕೆ ನನ್ನ ಫೋನೊಂದೇ ಸಾಕ್ಷಿಯಾಗಿ ಉಳಿದಿತ್ತು.

ಎರಡು ತಿಂಗಳ ಹಿಂದೆ, ಗಡಿಯಾಚೆ ಮಲೇಷ್ಯಾದ ಜೊಹೋರ್ ಬಾರುವಿಗೆ ಹೋಗಲು ವುಡ್‌ಲ್ಯಾಂಡ್ಸ್‌ನಲ್ಲಿ ಬಸ್ಸಿನ ಸಾಲಿನಲ್ಲಿ ನಿಂತಿದ್ದೆ. “ಇಂಚರಾ ಅಲ್ವಾ?” ಎಂದು ಹಿಂದಿನಿಂದ ಧ್ವನಿ. ಅದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ತಿರುಗುವ ಮೊದಲೇ ಗೊತ್ತಾಯಿತು.

ಅವರು ಬದಲಾಗಿರಲಿಲ್ಲ. ಕೋಪವೂ ಕಾಣಲಿಲ್ಲ. ಕೋಪ ಕಂಡಿದ್ದರೆ ನಿಭಾಯಿಸುತ್ತಿದ್ದೆ. ನಾನು ಹೇಗಿದ್ದೀರಿ, ಊರಿಗೆ ಹೋಗಿದ್ದಿರಾ ಎಂದೆಲ್ಲ ಏನೇನೋ ಕೇಳಿದೆ. ಅವರು ಸರಳವಾಗಿ ಹೇಳಿದರು.

“ಹೋಗಿದ್ದೆ, ಆ ದಸರಾ ಆಗಿ ಆರು ತಿಂಗಳಿಗೆ. ಅಷ್ಟರಲ್ಲಿ ತಂಗಿ ಮದುವೆ ಆಗಿತ್ತು. ಅಜ್ಜಿ ಗೊಂಬೆ ಅವಳಿಗೆ ಕೊಟ್ಬಿಟ್ಟಿದ್ರು ಅಮ್ಮ. ‘ಕರೆದಾಗ ಬರ್ಲಿಲ್ಲ, ನಿಂಗೆ ಬೇಕಿಲ್ಲ ಅನ್ಕೊಂಡೆ’ ಅಂದ್ರು. ದುಡ್ಡಿರ್ಲಿಲ್ಲ ಅಂತ ಹೇಳಿದ್ರೆ ಅವ್ರು ನಂಬಲ್ಲ, ಸಿಂಗಪುರದಲ್ಲಿರೋಳಿಗೆ ದುಡ್ಡಿಲ್ವಾ ಅಂತಾರೆ. ಗೊಂಬೆ ಕೊಂಡೆ ಅಂತ ಹೇಳೋಕೆ ಬಾಯೇ ಬರ್ಲಿಲ್ಲ. ಈಗ ಮತ್ತೆ ಮಾತು ಕಮ್ಮಿ.”

ಸಾಲು ಮುಂದೆ ಸರಿಯಿತು. ನಾವೂ ಸರಿದೆವು.

“ಒಂದು ಕೇಳ್ಬೇಕಿತ್ತು ನಿಮ್ಮನ್ನ,” ಎಂದರು. “ಅವತ್ತಿನ ಇನ್ನೊಬ್ರು ಇನ್ನೂ ಇಲ್ಲೇ ಇದಾರಾ? ಆ ಡಬ್ಬಿ ನಾನು ಬಿಚ್ಚೇ ಇಲ್ಲ. ಯಾಕೋ ಅದು ನಂದು ಅನ್ಸಲ್ಲ, ಅವ್ರದ್ದೇ ಅನ್ಸುತ್ತೆ. ಅವ್ರಿಗೋ ಅವ್ರ ಮಗಳಿಗೋ ಬೇಕಿದ್ರೆ… ದುಡ್ಡೇನೂ ಬೇಡ. ವಿಚಾರಿಸ್ತೀರಾ?”

“ವಿಚಾರಿಸ್ತೀನಿ,” ಅಂದೆ.

ಬಸ್ಸು ಬಂತು, ನಾನು ಹತ್ತಿದೆ, ಅವರು ಮುಂದಿನದಕ್ಕೆ ಉಳಿದರು. ಗಡಿಯ ಸೇತುವೆಯ ಮೇಲೆ ಬಸ್ಸು ಒಂದು ಗಂಟೆ ನಿಂತಿತು. ಅಷ್ಟು ಹೊತ್ತೂ ಆ ಒಂದು ಪದ ಬಾಯಲ್ಲಿ ಒಗರಿನಂತೆ ಉಳಿಯಿತು. ಮೊದಲ ಸುಳ್ಳಿಗೆ ಗೆಲ್ಲುವ ಚಪಲವಿತ್ತು, ಆಮೇಲಿನವಕ್ಕೆ ಸಿಕ್ಕಿಬೀಳುವ ಭಯವಿತ್ತು. ಈ ಕೊನೆಯದಕ್ಕೆ ಏನಿತ್ತು? ಏನೂ ಇರಲಿಲ್ಲ. ಬರೀ ಅಭ್ಯಾಸ. ಅದೇ ನನ್ನನ್ನು ಹೆದರಿಸಿತು. ನಾನು ಇಲ್ಲದ ಹೆಂಗಸೊಬ್ಬಳನ್ನು ಸೃಷ್ಟಿಸಿದ್ದೆ, ಈ ಮನುಷ್ಯೆ ಅವಳಿಗಾಗಿ ಮೂರು ವರ್ಷದಿಂದ ಮರುಗುತ್ತಿದ್ದರು. ಅವಳಿಗೊಬ್ಬ ಮಗಳನ್ನೂ ಕಲ್ಪಿಸಿಕೊಂಡಿದ್ದರು.

ಹತ್ತು ದಿನದ ಮೇಲೆ ಮೆಸೇಜು ಬಂತು: “ವಿಚಾರಿಸಿದ್ರಾ?” ಮತ್ತೊಂದು ವಾರಕ್ಕೆ: “ಅರ್ಜೆಂಟ್ ಏನಿಲ್ಲ, ಸುಮ್ನೆ ಕೇಳ್ದೆ.” ಇಲ್ಲದವಳ ಬಗ್ಗೆ ಏನೆಂದು ಬರೆಯಲಿ? ಊರಿಗೆ ಹೋದಳು ಎನ್ನಲೇ? ಸತ್ತಳು ಎನ್ನಲೇ? ನಿಜ ಹೇಳುತ್ತೇನೆ, ಆ ಎರಡನ್ನೂ ಟೈಪ್ ಮಾಡಿ ನೋಡಿದೆ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಈಗ ಅವರದೇ ಬಾಡಿಗೆ ಫ್ಲ್ಯಾಟು. ಒಳಗೆ ಕರೆದು ಕೂರಿಸಿದರು. ನಾನು ಏನನ್ನು ಕೇಳಲು ಬಂದಿದ್ದೇನೆಂದು ಅವರೇ ಊಹಿಸಿಕೊಂಡು, ಬಾಂಬ್ ಶೆಲ್ಟರ್ ಎಂದು ಕಟ್ಟಿ ಎಲ್ಲರೂ ಸಾಮಾನು ತುಂಬುವ ಕೋಣೆಯಿಂದ ಡಬ್ಬಿ ತಂದು ಟೀಪಾಯಿಯ ಮೇಲಿಟ್ಟರು. ಮೇಲಿನ ಟೇಪು ನಾನು ಹಚ್ಚಿದ್ದು ಹಾಗೆಯೇ ಇತ್ತು.

“ಸಿಕ್ಕಿದ್ರಾ ಅವ್ರು?”

ಹೇಳಿದೆ. ಎಲ್ಲವನ್ನೂ. ಮೊದಲು ಚೆನ್ನಾಗಿ ಹೇಳಲು ನೋಡಿದೆ, ಆಮೇಲೆ ಬರೀ ಹೇಳಿದೆ. ಅವರು ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

“ಅಂದ್ರೆ ಅವತ್ತು ನಾನೊಬ್ಳೇ ಬಿಡ್ ಮಾಡ್ತಿದ್ನಾ?”

“ಹೌದು.”

“ಐವತ್ತಕ್ಕೇ ನಂದಾಗ್ತಿತ್ತು.”

“ಹೌದು.”

“ಅಮ್ಮನ ವಿಷಯ ಕೇಳಿಸ್ಕೊಂಡ ಮೇಲೇ ಆ ಮೆಸೇಜ್ ಹಾಕಿದ್ದಾ?”

ಅದಕ್ಕೂ ಹೌದು ಎಂದೆ. ದುಡ್ಡು ಹಿಂದಿರುಗಿಸುತ್ತೇನೆ ಎಂದೆ. ನಿಮ್ಮ ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೆ. ಎರಡಕ್ಕೂ ಅವರು ಕೈ ಅಡ್ಡ ಮಾಡಿದರು. ಅಳಲಿಲ್ಲ, ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ನಿಜವಾಗಿಯೂ ತಿಳಿಯಲೆಂಬಂತೆ ಕೇಳಿದರು:

“ಇದನ್ನ ನಂಗೊಬ್ಳಿಗೇ ಯಾಕ್ ಹೇಳ್ತಿದೀರಿ? ಅದನ್ನ ಎಲ್ಲರ ಮುಂದೆ ಹೇಳಿದ್ರಲ್ಲ.”

ಆ ಕೋಣೆಯಲ್ಲಿ ಗುಟ್ಟಾಗಿ ಕ್ಷಮೆ ಕೇಳಲು ಬಂದದ್ದು ಕೂಡ ಇನ್ನೊಂದು ಉಪಾಯವೇ ಆಗಿತ್ತು ಎಂದು ಆಗ ಹೊಳೆಯಿತು. ಗುಂಪಿನಲ್ಲಿ ಬರೆಯುತ್ತೇನೆ, ಸಂಘದ ಪತ್ರಿಕೆಗೂ ಕೊಡುತ್ತೇನೆ ಎಂದೆ. “ನಿಮ್ಮ ಹೆಸರು ಹಾಕಲ್ಲ,” ಎಂದೂ ಸೇರಿಸಿದೆ.

“ಹಾಕಿ,” ಎಂದರು. “ಅವತ್ತೂ ಹಾಕಿದ್ರಲ್ಲ. ಅಮ್ಮನ ವಿಷಯಾನೂ ಬರೀರಿ. ಈಗ ಮುಚ್ಚಿಟ್ಟು ಆಗ್ಬೇಕಾದ್ದೇನೂ ಇಲ್ಲ.”

ಬರೆದು ಮೊದಲು ಅವರಿಗೇ ಕಳಿಸಿದೆ. ಮೂರನೆಯ ದಿನ ಒಂದೇ ಒಂದು ತಿದ್ದುಪಡಿ ಬಂತು. ಕೊನೆಯಲ್ಲಿ ನಾನು ‘ನನ್ನಿಂದ ಭವ್ಯ ಅವರಿಗೆ ನೋವಾಯಿತು’ ಎಂದು ಬರೆದಿದ್ದೆ. ಅದರ ಕೆಳಗೆ ಅವರು ಹಾಕಿದ್ದರು: “ನೋವಾಯ್ತು ಅಂತ ಬರೀಬೇಡಿ. ಅವಮಾನ ಮಾಡಿದೆ ಅಂತ ಬರೀರಿ.”

ಭವ್ಯ ಅವರಿಗೆ ನಾನು ಅವಮಾನ ಮಾಡಿದೆ.